ಎಚ್‌ಎಂಎಸ್ ವಾರಿಯರ್ ಮಾಡೆಲ್: ಹಾಯಿನಾ, ಹೊಗೆನಾ?

(ಸ್ಕ್ರೀನ್ ಮೇಲೆ ಹಡಗಿನ ಹಳೇ ಡ್ರಾಯಿಂಗ್)

ನಮಸ್ಕಾರ. ಕಿಟ್ ಇಲ್ಲದೆ, ಪ್ಲೈವುಡ್ಡು, ಪ್ಲಾಸ್ಟಿಕ್ ಶೀಟು, ದಾರ ಇಷ್ಟರಲ್ಲೇ ಬ್ರಿಟಿಷರ ಹಳೇ ಯುದ್ಧನೌಕೆ ವಾರಿಯರ್ ಮಾಡೋಣ ಅಂತ ಹೊರಟಿದ್ದೀರಾ? ಮೊದಲು ಇದನ್ನು ತೀರ್ಮಾನಿಸಿ. ನಿಮ್ಮ ಹಡಗು ಹಾಯಿ ಬಿಚ್ಚಿ ಓಡುತ್ತಿದೆಯಾ, ಕಲ್ಲಿದ್ದಲು ಉರಿಸಿ ಓಡುತ್ತಿದೆಯಾ?

1860ರ ಡಿಸೆಂಬರ್‌ನಲ್ಲಿ ಲಂಡನ್ನಿನ ಥೇಮ್ಸ್ ನದಿಗೆ ಇಳಿದ ಈ ಯುದ್ಧನೌಕೆಗೆ ಎರಡೂ ಇದ್ದವು. ಮೂರು ಕಂಬ, ಎರಡು ಚಿಮಣಿ. ಬರೀ ಗಾಳಿಯಲ್ಲಿ ಹೋಗುವಾಗ ಚಿಮಣಿಗಳನ್ನು ಒಳಕ್ಕೆ ಜಾರಿಸಿ ಗಿಡ್ಡ ಮಾಡುತ್ತಿದ್ದರು, ನೀರಿನ ಎಳೆತ ಕಮ್ಮಿಯಾಗಲಿ ಅಂತ ಪ್ರೊಪೆಲ್ಲರನ್ನೂ ಮೇಲಕ್ಕೆತ್ತುತ್ತಿದ್ದರು. ಅದರ ತೂಕ ಸುಮಾರು 26 ಟನ್, ಎತ್ತಲು 600 ಜನ ಬೇಕಿತ್ತಂತೆ! ಹಾಗಾಗಿ ಹಾಯಿ ಪೂರ್ತಿ ಬಿಚ್ಚಿ, ಚಿಮಣಿಯನ್ನೂ ಎತ್ತರಕ್ಕೆ ನಿಲ್ಲಿಸಿದ ಮಾಡೆಲ್ ಕಂಡರೆ ನನಗೆ ಸ್ವಲ್ಪ ಅನುಮಾನ. ತಪ್ಪು ಅಂತಲ್ಲ, ಎರಡೂ ಸೇರಿಸಿ 17.5 ನಾಟ್ (ಗಂಟೆಗೆ ಸುಮಾರು 32 ಕಿ.ಮೀ.) ಓಡಿದ್ದೂ ಉಂಟು. ಆದರೆ ಗೊತ್ತಿದ್ದು ಮಾಡಿರಬೇಕು, ಅಲ್ವಾ? ನಾನಂತೂ ಹೊಗೆಯ ಕಡೆ. ಈ ಸೈಜಿನಲ್ಲಿ ಬಟ್ಟೆಯ ಹಾಯಿ ಕಂಬಳಿ ಥರ ದಪ್ಪ ಕಾಣುತ್ತದೆ.

ಅಳತೆ 1:200. 128 ಮೀಟರ್ ಹಡಗು 64 ಸೆಂ.ಮೀ. ಆಗುತ್ತದೆ. ಉದ್ದಕ್ಕೆ ಒಂದು ಪ್ಲೈವುಡ್ ಬೆನ್ನೆಲುಬು, ಅಡ್ಡಕ್ಕೆ ಪಕ್ಕೆಲುಬು, ಸಂದಿಗೆ ಬಾಲ್ಸಾ ಅನ್ನುವ ಹಗುರ ಮರ ತುಂಬಿ ಉಜ್ಜಿದರೆ ಒಡಲು ರೆಡಿ.

(ಕ್ಲೋಸಪ್: ಸೂಜಿಯಲ್ಲಿ ಗೆರೆ ಕೊರೆಯುವುದು)

ಕಷ್ಟ ಇರುವುದು ಕವಚದಲ್ಲಿ. ಫ್ರೆಂಚರ ಗ್ಲುವಾರ್ ಹಡಗಿಗೆ ಜವಾಬಾಗಿ ಕಟ್ಟಿದ್ದು ಇದು. ಅದರದ್ದು ಮರದ ಒಡಲು, ಇದರದ್ದು ಕಬ್ಬಿಣ. ಮೇಲಿಂದ 114 ಮಿ.ಮೀ. ದಪ್ಪದ ಕವಚ, ಅದರ ಹಿಂದೆ 457 ಮಿ.ಮೀ. ತೇಗ. ಆದರೆ ಇದೆಲ್ಲ ನಡುವಿನ 65 ಮೀಟರಿಗೆ ಮಾತ್ರ, ಮೂತಿಗೂ ಹಿಂಭಾಗಕ್ಕೂ ಕವಚ ಇಲ್ಲ. ಅಂದರೆ ಮಾಡೆಲ್‌ನಲ್ಲಿ ನಡುವಿನ 32 ಸೆಂ.ಮೀ. ಚಿಲ್ಲರೆಯಲ್ಲಷ್ಟೇ ಫಲಕಗಳ ಗೆರೆ ಬರಬೇಕು, ಒಂದೊಂದು ಫಲಕ 23 ಮಿ.ಮೀ. ಉದ್ದ, 4.5 ಮಿ.ಮೀ. ಅಗಲ. ಕೈ ಭಾರ ಬಿಡಬೇಡಿ. 0.3 ಮಿ.ಮೀ. ಅಗಲದ ಗೆರೆ ಅಂದರೆ ನಿಜವಾದ ಹಡಗಿನಲ್ಲಿ 6 ಸೆಂ.ಮೀ. ಬಿರುಕು! ಸುಮ್ನೆ ಸೂಜಿ ತಾಗಿಸಿದರೆ ಸಾಕು, ಮಿಕ್ಕಿದ್ದನ್ನು ಪ್ರೈಮರ್ ನೋಡಿಕೊಳ್ಳುತ್ತದೆ.

ಹಡಗು ಇವತ್ತಿಗೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿದೆ, ಫೋಟೋಗಳಿಗೆ ಬರವಿಲ್ಲ. ಆದರೆ ಅರ್ಧ ಶತಮಾನ ವೇಲ್ಸ್‌ನಲ್ಲಿ ಎಣ್ಣೆ ಜೆಟ್ಟಿಯಾಗಿ ಬಿದ್ದಿದ್ದ ಹಡಗನ್ನು ರಿಪೇರಿ ಮಾಡಿ 1987ರಲ್ಲಿ ಅಲ್ಲಿಗೆ ತಂದದ್ದು. ಈಗಿನ ತೋಪುಗಳಲ್ಲಿ ಹೆಚ್ಚಿನವು ಫೈಬರ್‌ಗ್ಲಾಸ್ ನಕಲು, ಅಸಲಿ ಹಡಗಿನ ಮೇಲೂ ಮಾಡೆಲ್ಲೇ ನೋಡಿ! ಮೊದಲು ಮರದ್ದಾಗಿದ್ದ ಕೆಳಗಿನ ಕಂಬಗಳು ಈಗ ಉಕ್ಕಿನವು. ಅದಕ್ಕೇ ಕಂಬದ ವಿಷಯದಲ್ಲಿ ಫೋಟೋ ನಂಬದೆ ಹಳೇ ಡ್ರಾಯಿಂಗ್ ಹಿಡಿಯಿರಿ. ಹಗ್ಗ ಕಟ್ಟುವ ಕೆಲಸ ಮುಂದಿನ ವಿಡಿಯೋದಲ್ಲಿ.