ಕಡಲು, ಕೈ, ಕಾಗದ: ಮೂರೂ ಕಾಣಲಿ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಮಲ್ಪೆ ದಕ್ಕೆಯಲ್ಲಿ, ಬೋಟು ಕಟ್ಟುವ ಕಟ್ಟೆಯಲ್ಲಿ, ನಮ್ಮ ಚಿತ್ರಕಾರರು ಕೂತು ಜಲವರ್ಣದಲ್ಲಿ ಚಿತ್ರ ಬರೆಯುತ್ತಾರೆ. ಅವರ ಫೋಟೋ ತೆಗೆಯಲು ಹೊರಟವರೇ ಈ ಸಭೆಯಲ್ಲಿ ಜಾಸ್ತಿ ಇದ್ದೀರಿ. ಅಪರ್ಚರ್, ಶಟರ್ ಪಾಠ ನಿಮಗೆ ಬೇಕಾಗಿಲ್ಲ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಕಡಲು, ಬರೆಯುವ ಕೈ, ಕಾಗದ, ಈ ಮೂರೂ ಒಂದೇ ಫ್ರೇಮಿನಲ್ಲಿ ಸಿಗುವ ಜಾಗ ಹುಡುಕಿ. ಅಲ್ಲಿ ನಿಂತು ಕಾಯಿರಿ.

ಯಾಕೆ ಇಷ್ಟು ಹಠ ಅಂತೀರಾ? ಇಂಥ ಶಿಬಿರ ಮುಗಿದ ಮೇಲೆ ವಾಟ್ಸಾಪ್‌ನಲ್ಲಿ ಬರುವ ಫೋಟೋಗಳನ್ನು ನೋಡಿ. ಒಂದರಲ್ಲಿ ಕಲಾವಿದರ ಮುಖ, ಕೈಯಲ್ಲಿ ಬ್ರಶ್, ಕ್ಯಾಮೆರಾ ಕಡೆಗೊಂದು ನಗು. ಇನ್ನೊಂದರಲ್ಲಿ ಬರೀ ಪ್ಯಾಲೆಟ್. ಮತ್ತೊಂದರಲ್ಲಿ ಮುಳುಗುವ ಸೂರ್ಯನ ಎದುರು ಕಪ್ಪು ಆಕಾರ. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಮನುಷ್ಯ ಏನು ನೋಡಿದ, ಅದರಲ್ಲಿ ಏನು ಬರೆದ, ಏನು ಬಿಟ್ಟ? ಒಂದರಲ್ಲೂ ಗೊತ್ತಾಗುವುದಿಲ್ಲ. ಎದುರಿಗೆ ನೂರು ಬೋಟು ನಿಂತಿರುತ್ತವೆ, ಕಾಗದದ ಮೇಲೆ ಮೂರೇ ಮೂರು. ಉಳಿದ ತೊಂಬತ್ತೇಳು ಎಲ್ಲಿ ಹೋದವು? ಚಿತ್ರಕಲೆ ಇರುವುದೇ ಅಲ್ಲಿ, ಅಲ್ವಾ? ನಮ್ಮ ಫೋಟೋ ನೋಡಿದವರಿಗೆ ಆ ಲೆಕ್ಕ ಸಿಗಬೇಕು.

ಇದು ಹೊಸ ಮಾತೇನೂ ಅಲ್ಲ. ಸ್ಪೇನಿನ ಚಿತ್ರಕಾರ ಹ್ವಾಕೀನ್ ಸೊರೋಯಾ ನಿಮಗೆ ಗೊತ್ತು. 1863ರಲ್ಲಿ ಕಡಲೂರು ವಲೆನ್ಸಿಯಾದಲ್ಲಿ ಹುಟ್ಟಿದವರು, ಬಿಸಿಲನ್ನು ಬರೆದವರು. ಹುಡುಗನಾಗಿದ್ದಾಗ ಅವರು ಕೆಲಸ ಮಾಡಿದ್ದು ಅಂತೋನಿಯೋ ಗಾರ್ಸಿಯಾ ಎಂಬ ಫೋಟೋಗ್ರಾಫರ್ ಸ್ಟುಡಿಯೋದಲ್ಲಿ. ಮುಂದೆ 1888ರಲ್ಲಿ ಆ ಫೋಟೋಗ್ರಾಫರ ಮಗಳು ಕ್ಲೋತಿಲ್ದೆಯನ್ನೇ ಮದುವೆಯಾದರು. ಮಾವನ ಮನೆಯೇ ಸ್ಟುಡಿಯೋ ಆದ ಮೇಲೆ ಅಳಿಯನ ಫೋಟೋಗಳಿಗೆ ಬರ ಇರುತ್ತದೆಯೇ? ಸೊರೋಯಾ ಕಡಲ ದಂಡೆಯಲ್ಲಿ ಚಿತ್ರ ಬರೆಯುತ್ತಿರುವ ಹಳೆಯ ಫೋಟೋಗಳು ಈಗಲೂ ಇವೆ. ಅವರಿದ್ದ ಮನೆಯೇ ಮ್ಯಾಡ್ರಿಡ್‌ನಲ್ಲಿ ಮ್ಯೂಸಿಯಂ ಆಗಿದೆ. ಬಿಡುವಾದಾಗ ಹುಡುಕಿ ನೋಡಿ.

ಆ ಫೋಟೋಗಳಲ್ಲಿ ಏನಿದೆ? ತಲೆಗೆ ಟೋಪಿ ಹಾಕಿ ನಿಂತ ಸೊರೋಯಾ, ಎದುರಿಗೆ ಆಳೆತ್ತರದ ಕ್ಯಾನ್ವಾಸು, ಅದರಾಚೆ ನೀರು. ಅವರು 1909ರಲ್ಲಿ ಹೆಂಡತಿ ಮತ್ತು ಮಗಳು ದಂಡೆಯಲ್ಲಿ ನಡೆಯುವುದನ್ನು ಬರೆದ ಚಿತ್ರ ಇದೆಯಲ್ಲ, ಅದರ ಎತ್ತರ 205 ಸೆಂಟಿಮೀಟರ್, ಅಗಲ 200. ಆ ಅಳತೆಯ ಬಟ್ಟೆಯನ್ನು ಕಡಲ ಗಾಳಿಗೆ ಎದುರು ನಿಲ್ಲಿಸಿದರೆ ಅದು ಹಾಯಿಯೇ ಸರಿ. ಚಿತ್ರದಲ್ಲಿ ನಮಗೆ ಕಾಣುವುದು ಬಿಳಿ ಸೀರೆಯಷ್ಟು ಹಗುರವಾದ ಬಟ್ಟೆ, ತಣ್ಣನೆಯ ನೀರು. ಆ ಹಗುರದ ಹಿಂದೆ ಎಷ್ಟು ಮೈ ದಣಿದಿದೆ ಎನ್ನುವುದು ಫೋಟೋ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಯಾಕೆ ಗೊತ್ತಾಗುತ್ತದೆ? ಮೂರೂ ಒಂದೇ ಫ್ರೇಮಿನಲ್ಲಿ ಇರುವುದರಿಂದ.

ಈಗ ನನಗೆ ಬಹಳ ಇಷ್ಟವಾದ ಒಂದು ಘಟನೆ. ಮಲ್ಪೆಯದ್ದೇ. ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಎಲ್ಲವೂ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಚಿತ್ರಕಾರರಿಗೆ ಅದು ಒಳ್ಳೆಯ ಕಾಲ, ಅರ್ಧ ಬರೆದಾಗ ಬೋಟು ಎದ್ದು ಹೋಗುವ ಭಯ ಇಲ್ಲ! ಒಬ್ಬರು ಹಿರಿಯರು ಶೆಡ್ಡಿನ ಮಾಡಿನ ಕೆಳಗೆ ಕೂತು ಬರೆಯುತ್ತಿದ್ದರು. ಮಳೆ ನಿಂತಿತ್ತು, ಆದರೆ ಗಾಳಿಯೆಲ್ಲ ತೇವ. ಆಕಾಶಕ್ಕೆ ಹಾಕಿದ ಮೊದಲ ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣ, ಒಣಗುವುದೇ ಇಲ್ಲ. ಅವರು ಹಲಗೆಯನ್ನು ಸ್ವಲ್ಪ ಓರೆ ಮಾಡುತ್ತಾರೆ. ಬೂದು ಬಣ್ಣ ಮೆಲ್ಲಗೆ ಇಳಿದು ಕೆಳಗಿನ ಅಂಚಿನಲ್ಲಿ ಉದ್ದಕ್ಕೂ ನಿಲ್ಲುತ್ತದೆ. ಹಿಂಡಿದ ಬ್ರಶ್ಶಿನ ತುದಿಯನ್ನು ಅದಕ್ಕೆ ತಾಗಿಸಿ ಹೀರಿಸುತ್ತಾರೆ. ಮತ್ತೆ ಓರೆ, ಮತ್ತೆ ಹೀರುವುದು. ನಾನು ಅವರ ಎಡಗಡೆ, ಭುಜದಿಂದ ಸ್ವಲ್ಪ ಹಿಂದೆ ನಿಂತಿದ್ದೆ. ಅವರು ಬಲಗೈಯಲ್ಲಿ ಬರೆಯುವವರು, ಹಾಗಾಗಿ ಕೈ ಕಾಗದಕ್ಕೆ ಅಡ್ಡ ಬರುತ್ತಿರಲಿಲ್ಲ.

ಬೋಟುಗಳನ್ನು ಬರೆಯಲು ಶುರು ಮಾಡಿದರು. ಪಕ್ಕದಲ್ಲಿ ಬಲೆ ರಿಪೇರಿ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದರು. ಕೊನೆಗೆ ಒಬ್ಬ ತಾಂಡೇಲರು, ಬೋಟು ನಡೆಸುವವರು, ಬಂದು ಕಾಗದ ನೋಡಿದರು, ನೀರಿನ ಕಡೆ ನೋಡಿದರು, ಮತ್ತೆ ಕಾಗದ ನೋಡಿದರು. "ಮಾಸ್ಟ್ರೇ, ಹಗ್ಗ ಹೀಗೆ ಕಟ್ಟಿದರೆ ಆಗುವುದಿಲ್ಲ. ರಾತ್ರಿ ನೀರು ಏರಿದರೆ ಈ ಬೋಟು ಹೋಗಿ ಆಚೆಯದಕ್ಕೆ ಹೊಡೆಯುತ್ತದೆ" ಅಂದರು. ಇವರು ನಕ್ಕು, "ಹಗ್ಗ ಸರಿಯಾಗಿಯೇ ಇದೆ ಅಣ್ಣ, ನಡುವಿನ ಒಂದು ಬೋಟನ್ನು ನಾನು ಬಿಟ್ಟಿದ್ದೇನೆ" ಅಂದರು. "ಯಾವುದು?" ತೋರಿಸಿದರು. "ಅಯ್ಯೋ, ಅದು ನನ್ನದಲ್ವಾ ಮಾಸ್ಟ್ರೇ!" ಇಡೀ ಶೆಡ್ಡು ನಕ್ಕಿತು.

ತಾಂಡೇಲರು ಕೈ ಚಾಚಿ ತಮ್ಮ ಬೋಟನ್ನು ತೋರಿಸುತ್ತಿದ್ದಾರೆ. ಚಿತ್ರಕಾರರ ಬ್ರಶ್ ಮೇಲೆದ್ದು ನಿಂತಿದೆ, ಕಣ್ಣು ಆ ಬೆರಳಿನ ಹಿಂದೆ ಹೋಗಿದೆ. ಕಾಗದದಲ್ಲಿ ಎರಡು ಬೋಟುಗಳ ನಡುವೆ ಖಾಲಿ ಜಾಗ. ನನ್ನ ಫೋಟೋ ಅದು. ಆಮೇಲೆ ಅವರು ಆ ಖಾಲಿಯಲ್ಲಿ ಇಡೀ ಬೋಟನ್ನು ಬರೆಯಲಿಲ್ಲ. ಅದರ ಬಾವುಟದ ಕೆಂಪನ್ನು ಮಾತ್ರ ಒಂದು ಸಲ ಒತ್ತಿದರು. ತಾಂಡೇಲರಿಗೆ ಸಮಾಧಾನವಾಯಿತು. ಚಿತ್ರಕ್ಕೂ ಅದೇ ಒಂದು ಕೊರತೆ ಇತ್ತು ಅಂತ ಆಗ ಗೊತ್ತಾಯಿತು.

ನಾನು ಅಲ್ಲಿ ಬರೀ ಮುಖಕ್ಕೆ ಜೂಮ್ ಮಾಡಿ ನಿಂತಿದ್ದರೆ ಇದರಲ್ಲಿ ಏನು ಉಳಿಯುತ್ತಿತ್ತು ಹೇಳಿ.

ಇನ್ನೊಂದು ಮಾತು, ಇದು ಸ್ವಲ್ಪ ಗಂಭೀರ. "ಸರ್, ಒಮ್ಮೆ ಈ ಕಡೆ ನೋಡಿ", "ಮೇಡಂ, ಆ ಬ್ರಶ್ ಇನ್ನೊಮ್ಮೆ ಹಾಗೇ ಹಿಡೀರಿ". ದಯವಿಟ್ಟು ಇದು ಬೇಡ. 1950ರಲ್ಲಿ ಅಮೆರಿಕದ ಲಾಂಗ್ ಐಲ್ಯಾಂಡ್‌ನಲ್ಲಿ ಬಣ್ಣ ಸುರಿದು ಚಿತ್ರ ಮಾಡುತ್ತಿದ್ದ ಚಿತ್ರಕಾರ ಜಾಕ್ಸನ್ ಪೊಲಾಕ್ ಕೆಲಸ ಮಾಡುವುದನ್ನು ಫೋಟೋಗ್ರಾಫರ್ ಹಾನ್ಸ್ ನಾಮುತ್ ಸೆರೆಹಿಡಿದರು. ಮೊದಲು ಫೋಟೋ, ಆಮೇಲೆ ಸಿನಿಮಾ. ಸಿನಿಮಾಕ್ಕಾಗಿ ಪೊಲಾಕ್ ಮನೆಯ ಹೊರಗೆ, ಚಳಿಯಲ್ಲಿ ಗಾಜಿನ ಮೇಲೆ ಬಣ್ಣ ಸುರಿಯಬೇಕು, ಗಾಜಿನ ಕೆಳಗೆ ಕ್ಯಾಮೆರಾ. ಶುರು ಮಾಡಿ, ನಿಲ್ಲಿಸಿ, ಮತ್ತೆ ಶುರು ಮಾಡಿ. ನವೆಂಬರಿನಲ್ಲಿ ಶೂಟಿಂಗ್ ಮುಗಿದ ದಿನ ಮನೆಯೊಳಗೆ ಬಂದವರೇ, ಸುಮಾರು ಎರಡು ವರ್ಷದಿಂದ ಬಿಟ್ಟಿದ್ದ ಕುಡಿತಕ್ಕೆ ಕೈ ಹಾಕಿದರು. ಕ್ಯಾಮೆರಾ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ನಾಮುತ್ ಅವರ ಫೋಟೋಗಳು ಇಲ್ಲದಿದ್ದರೆ ಪೊಲಾಕ್ ಹೇಗೆ ಕೆಲಸ ಮಾಡುತ್ತಿದ್ದರು ಅಂತ ನಮಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಬರೆಯುವವರಿಗೆ ನಟನೆಯ ಕೆಲಸ ಕೊಡುವ ಹಕ್ಕು ನಮಗಿಲ್ಲ. ಅವರು ತಾವಾಗಿಯೇ ತಲೆ ಎತ್ತಿ ಕಡಲು ನೋಡುತ್ತಾರೆ, ಮತ್ತೆ ತಲೆ ತಗ್ಗಿಸುತ್ತಾರೆ. ತಲೆ ಎತ್ತಿದ ಆ ಗಳಿಗೆಗೆ ಕಾಯಿರಿ. ಬ್ರಶ್ ಕಾಗದಕ್ಕೆ ತಾಗುವುದಕ್ಕಿಂತ ಅದು ಮುಖ್ಯ.

ಐದು ನಿಮಿಷ ಅಂತ ಚೀಟಿ ಬಂತು. ಬೆಳಕಿನ ಬಗ್ಗೆ ಬಹಳ ಹೇಳಬೇಕಿತ್ತು, ಬೇಗ ಮುಗಿಸುತ್ತೇನೆ. ನಮ್ಮ ಕರಾವಳಿಯಲ್ಲಿ ಬೆಳಗಿನ ಸೂರ್ಯ ಬರುವುದು ನೆಲದ ಕಡೆಯಿಂದ. ಕಡಲಿಗೆ ಮುಖ ಮಾಡಿ ಕೂತವರ ಬೆನ್ನ ಹಿಂದೆ ನೀವು ನಿಂತರೆ ನಿಮ್ಮ ನೆರಳು ಸೀದಾ ಅವರ ಕಾಗದದ ಮೇಲೆ. ಪಕ್ಕಕ್ಕೆ ಸರಿಯಿರಿ. ಕೆಂಪು, ಹಳದಿ ಟೀ ಶರ್ಟ್ ನಾಳೆ ಮನೆಯಲ್ಲೇ ಇರಲಿ. ಹತ್ತಿರ ನಿಂತರೆ ಆ ಬಣ್ಣ ಬಿಳಿ ಕಾಗದದಲ್ಲಿ ಕಾಣುತ್ತದೆ, ಬರೆಯುವವರಿಗೆ ತಮ್ಮದೇ ಬಣ್ಣದ ಮೇಲೆ ಅನುಮಾನ ಬರುತ್ತದೆ. ಕಾಗದ ಫ್ರೇಮಿನಲ್ಲಿ ದೊಡ್ಡದಾಗಿದ್ದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ, ಅಂದರೆ ಬೆಳಕು ಎರಡರಷ್ಟು. ಕಾಗದ ನೆರಳಲ್ಲಿದ್ದು ನೀರು ಬಿಸಿಲಲ್ಲಿದ್ದರೆ ಒಂದು ತೆಳು ಮೋಡ ಬರುವವರೆಗೆ ತಡೆಯಿರಿ, ಮೂರೂ ಸಿಗುತ್ತವೆ. ಲೆನ್ಸ್ ಮೇಲೆ ಮರಳು, ಉಪ್ಪು ಕೂತರೆ ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಬಟ್ಟೆ. ದಂಡೆಯಲ್ಲಿ ಲೆನ್ಸ್ ಬದಲಿಸಬೇಡಿ. ಫ್ರಾನ್ಸಿನ ಚಿತ್ರಕಾರ ಮೋನೆ 1870ರಲ್ಲಿ ಅಲ್ಲಿನ ತ್ರೂವಿಲ್ ಕಡಲ ದಂಡೆಯಲ್ಲಿ ಬರೆದ ಚಿತ್ರದ ಬಣ್ಣದೊಳಗೆ ಮರಳಿನ ಕಣಗಳು ಸಿಕ್ಕಿವೆ, ಆ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕ್ಯಾನ್ವಾಸಿಗೆ ಮರಳು ಒಪ್ಪುತ್ತದೆ, ಕ್ಯಾಮೆರಾ ಒಳಗಿನ ಸೆನ್ಸರಿಗೆ ಒಪ್ಪುವುದಿಲ್ಲ.

ಕೊನೆಯದು. ಚಿತ್ರದ ಹಕ್ಕು ಬರೆದವರದು. ಅವರು ಸಹಿ ಹಾಕುವ ಮೊದಲು ಅರ್ಧ ಚಿತ್ರವನ್ನು ಇನ್‌ಸ್ಟಾಗ್ರಾಂಗೆ ಏರಿಸಬೇಡಿ, ಕೇಳಿ ಹಾಕಿ. ತೆಗೆದ ಫೋಟೋಗಳನ್ನು ಅವರಿಗೂ ಕಳಿಸಿ, ಪೂರ್ತಿ ಸೈಜಿನಲ್ಲಿ. ಮುಂದಿನ ಸಾಲಿನಲ್ಲಿ ಕೂತ ಚಿತ್ರಕಾರರೇ, ನಿಮ್ಮ ಹತ್ತಿರ ಎಷ್ಟು ದೂರದವರೆಗೆ ಬರಬಹುದು ಅಂತ ಈಗಲೇ ಇವರಿಗೆ ಹೇಳಿಬಿಡಿ. ಮೈಕು ನಿಮಗೇ ಕೊಡುತ್ತೇನೆ.