ಹೆಸರಾದ ಏರುಗಳನ್ನ ಬಿಟ್ಟು ಬನ್ನಿ: ಫ್ರಾನ್ಸಿನ ಗುಡ್ಡಸೀಮೆಯ ಸೈಕಲ್ ದಾರಿಗಳು

ನಮಸ್ಕಾರ.

ಫ್ರಾನ್ಸಿಗೆ ಸೈಕಲ್ ಒಯ್ಯೋ ಆಸೆ ಇರೋ ನಮ್ಮ ಸವಾರರನ್ನ ಎಲ್ಲಿಗೆ ಹೋಗ್ತೀರಿ ಅಂತ ಕೇಳಿ ನೋಡಿ. ಆಲ್ಪ್ ದ್ಯುಎಜ್, ಮೋಂ ವಾಂತೂ, ಗಲಿಬಿಯೆ, ತುರ್ಮಲೆ. ಎಲ್ಲಾ ಹೆಸರಾದ ಬೆಟ್ಟದ ಏರುಗಳೇ. ಟಿವಿಯಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ನೋಡಿ ಬೆಳೆದ ಆಸೆ ಅದು, ಸಹಜ. ಆದರೆ ನನ್ನ ಅಭಿಪ್ರಾಯವನ್ನ ನೇರವಾಗಿ ಹೇಳಿಬಿಡ್ತೀನಿ: ಕೈಯಲ್ಲಿರೋದು ಒಂದೇ ವಾರದ ರಜೆ ಅಂತಾದರೆ ಆ ಪಟ್ಟಿಯನ್ನ ಪೂರ್ತಿ ಕೈಬಿಡಿ. ದೇಶದ ನಡುಭಾಗದ ಗುಡ್ಡಸೀಮೆಗೆ ಹೋಗಿ. ಮಾಸಿಫ್ ಸಾಂತ್ರಾಲ್ ಅನ್ನೋ ಆ ದೊಡ್ಡ ಎತ್ತರದ ನೆಲ, ಅದರಲ್ಲೂ ಅದರ ಆಗ್ನೇಯ ಅಂಚು. ಆರ್ದೆಶ್, ಲೊಜೆರ್ ಜಿಲ್ಲೆಗಳು, ಸೆವೆನ್ ಬೆಟ್ಟಸಾಲು.

ಆಲ್ಪ್ ದ್ಯುಎಜ್ ಕೆಟ್ಟ ಏರು ಅಂತ ನಾನು ಹೇಳ್ತಿಲ್ಲ. 13.8 ಕಿ.ಮೀ. ಉದ್ದ, ಸರಾಸರಿ ಶೇ. 8ರ ಏರು, 21 ಹಿಮ್ಮುರಿ ತಿರುವು, ತಿರುವು ತಿರುವಿಗೂ ಅಲ್ಲಿ ಗೆದ್ದವರ ಹೆಸರಿನ ಫಲಕ. 1952ರಲ್ಲಿ ಟೂರ್ ಮೊದಲ ಸಲ ಅಲ್ಲಿ ಹತ್ತಿದಾಗ ಗೆದ್ದವನು ಫೌಸ್ತೊ ಕೊಪ್ಪಿ. ಇತಿಹಾಸ ದೊಡ್ಡದು. ಆದರೆ ಅದು ಕೊನೆಗೂ ಒಂದು ಸ್ಕೀ ಊರಿಗೆ ಹೋಗೋ ರಸ್ತೆ. ಬೇಸಿಗೆಯಲ್ಲಿ ಕಾರು, ಕ್ಯಾಂಪರ್ ವ್ಯಾನು, ರಸ್ತೆ ಬದೀಲಿ ಸವಾರರ ಫೋಟೋ ತೆಗೆದು ಮಾರೋರು. ನೀವು ಮೀಟರ್ ನೋಡ್ಕೊಂಡು ಏದುಸಿರು ಬಿಟ್ಟು ಹತ್ತುತೀರಿ, ಮೇಲೆ ಹೋಟೆಲು, ಅಂಗಡಿ, ಪಾರ್ಕಿಂಗು. ಆಮೇಲೆ ಹೆಚ್ಚಿನವರು ಬಂದ ದಾರೀಲೇ ಇಳೀತಾರೆ. ಸಮಯ ಎಷ್ಟಾಯ್ತು ಅನ್ನೋದು ನೆನಪಿರುತ್ತೆ, ನಡುವೆ ಸಿಕ್ಕ ಊರಿನ ಹೆಸರು ನೆನಪಿರಲ್ಲ.

ಗುಡ್ಡಸೀಮೆಯಲ್ಲಿ ನೀವು ಇಡೀ ದಿನ ಡಿ ರಸ್ತೆಗಳಲ್ಲಿ ಇರ್ತೀರಿ. ನಮ್ಮ ಜಿಲ್ಲಾ ಮುಖ್ಯರಸ್ತೆಗಳ ಹಾಗೆ ಅಲ್ಲಿ ಒಂದೊಂದು ಜಿಲ್ಲೆಯೂ ತನ್ನ ರಸ್ತೆಗಳನ್ನ ತಾನೇ ನೋಡಿಕೊಳ್ಳುತ್ತೆ. ನಕಾಶೆಯಲ್ಲಿ ಅವಕ್ಕೆ ಡಿ ಅಂತ ಗುರುತು, ಪಕ್ಕದಲ್ಲಿ ಸಂಖ್ಯೆ. ದೇಶದಾದ್ಯಂತ ಇಂಥವು ಸುಮಾರು 3.8 ಲಕ್ಷ ಕಿ.ಮೀ. ಇವೆ. ಬಿಳಿ ಮೈಲಿಗಲ್ಲು, ಅದಕ್ಕೆ ಹಳದಿ ತಲೆ, ಅಂದರೆ ನೀವು ಡಿ ರಸ್ತೆಯಲ್ಲಿದ್ದೀರಿ. ಇದರ ಜೊತೆ ಮಿಶೆಲಿನ್ ಕಂಪನಿಯ ಕಾಗದದ ನಕಾಶೆ ಒಂದನ್ನ ಕೊಂಡುಕೊಳ್ಳಿ. ಫೋನಲ್ಲಿ ಎಲ್ಲ ಇದೆಯಲ್ಲ ಅಂತೀರಿ. ಇದೆ. ಆದರೆ ಈ ನಕಾಶೆಯಲ್ಲಿ ನೋಡೋಕೆ ಚೆಂದವಾದ ರಸ್ತೆಗಳ ಪಕ್ಕಕ್ಕೆ ಹಸಿರು ಗೆರೆ ಎಳೆದಿರ್ತಾರೆ, ಕಡಿದಾದ ಕಡೆ ಸಣ್ಣ ಬಾಣದ ಗುರುತು ಹಾಕಿರ್ತಾರೆ. ಒಂದು ಬಾಣ ಅಂದರೆ ಶೇ. 5ರಿಂದ 9, ಎರಡು ಅಂದರೆ 9ರಿಂದ 13, ಮೂರು ಅಂದರೆ ಅದಕ್ಕೂ ಹೆಚ್ಚು. ಬಾಣದ ಮೊನೆ ಏರೋ ಕಡೆಗೆ. ಮೇಜಿನ ಮೇಲೆ ನಕಾಶೆ ಹರಡಿ, ಹಸಿರು ಗೆರೆ ಇರೋ ಬಿಳಿ, ಹಳದಿ ರಸ್ತೆಗಳನ್ನ ಒಂದಕ್ಕೊಂದು ಪೋಣಿಸಿ. ಕೆಂಪು ರಸ್ತೆ ಅಡ್ಡ ಬಂದರೆ ದಾಟಿ ಹೋಗಿ, ಅದರ ಮೇಲೆ ಸವಾರಿ ಬೇಡ. ನನ್ನ ಪ್ರಕಾರ ದಾರಿ ಹುಡುಕೋಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಒಂದೇ ಒಂದು ರಸ್ತೆ ಹೇಳಿ ಅಂದರೆ ನಾನು ಕೊರ್ನಿಶ್ ದೆ ಸೆವೆನ್ ಅಂತೀನಿ. ಫ್ಲೊರಾಕ್ ಕಡೆಯಿಂದ ಸೇಂ ಜಾಂ ದ್ಯು ಗಾರ್ ಊರಿನ ತನಕ ಸುಮಾರು 50 ಕಿ.ಮೀ., ಹೆಚ್ಚಿನ ಭಾಗ ಡಿ 9. ಈ ರಸ್ತೆ ಕಣಿವೆಯ ತಳ ಬಿಟ್ಟು ಬೆಟ್ಟದ ನೆತ್ತಿ ಹಿಡಿದು ಹೋಗುತ್ತೆ. ಯಾಕೆ ಗೊತ್ತಾ? 1685ರಲ್ಲಿ ಹದಿನಾಲ್ಕನೇ ಲೂಯಿ ಪ್ರಾಟೆಸ್ಟಂಟರ ಧರ್ಮಸ್ವಾತಂತ್ರ್ಯ ಕಿತ್ತುಕೊಂಡ. 1702ರಲ್ಲಿ ಈ ಬೆಟ್ಟದ ರೈತರು, ಉಣ್ಣೆ ನೇಯೋರು ದಂಗೆ ಎದ್ದರು. ಕಾಮಿಸಾರ್‌ಗಳು ಅಂತ ಅವರ ಹೆಸರು. ದಂಗೆಕೋರರಿಗೆ ಕಣಿವೆಯ ಒಂದೊಂದು ಮೂಲೆಯೂ ಗೊತ್ತು, ರಾಜನ ಸೈನ್ಯಕ್ಕೆ ಗೊತ್ತಿಲ್ಲ. ಹಾಗಾಗಿ ಸೈನಿಕರು, ಫಿರಂಗಿ ಸಾಗಲಿ ಅಂತ ಈ ನೆತ್ತಿಯ ದಾರಿಯನ್ನ ಅಗಲ ಮಾಡಿಸಿದರು. ಮೂರು ಶತಮಾನದ ಹಿಂದೆ ಹೆದರಿಕೆಯಿಂದ ಮಾಡಿದ ದಾರಿ ಇವತ್ತು ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ: ಒಮ್ಮೆ ಮೇಲೆ ಬಂದರೆ ಸುಮಾರು ಹೊತ್ತು ಮೇಲೇ ಇರ್ತೀರಿ. ಒಂದು ಪಕ್ಕಕ್ಕೆ ವಾಲೆ ಫ್ರಾಂಸೇಜ್, ಇನ್ನೊಂದು ಪಕ್ಕಕ್ಕೆ ವಾಲೆ ಬೋರ್ನ್, ಎರಡೂ ಕಣಿವೆ ಸರದಿಯ ಮೇಲೆ ಕಾಣಿಸಿಕೊಳ್ಳುತ್ವೆ. ಹಿಂದಕ್ಕೆ ತಿರುಗಿದರೆ ಮೋಂ ಲೊಜೆರ್, ಪಶ್ಚಿಮಕ್ಕೆ ಮೋಂ ಎಗುವಾಲ್. ಶುರುವಿನಲ್ಲಿ ಸುಣ್ಣಕಲ್ಲಿನ ಬಯಲು, ಆಮೇಲೆ ಪದರಗಲ್ಲು, ಚೆಸ್ಟ್‌ನಟ್ ಕಾಡು. ಮನೆ ಕಟ್ಟಿದ ಕಲ್ಲಿನ ಬಣ್ಣವೂ ನೆಲದ ಜೊತೆಗೇ ಬದಲಾಗ್ತಾ ಹೋಗುತ್ತೆ.

ಈ ದಾರಿಗಳು ಇಷ್ಟು ಖಾಲಿ ಯಾಕೆ ಅನ್ನೋದನ್ನೂ ಹೇಳಬೇಕು, ಯಾಕಂದರೆ ಸೈಕಲ್ ವಿಡಿಯೋಗಳಲ್ಲಿ ಟ್ರಾಫಿಕ್ಕೇ ಇಲ್ಲ ಅಂತ ಖುಷಿಪಟ್ಟು ಅಲ್ಲಿಗೇ ನಿಲ್ಲಿಸಿಬಿಡ್ತಾರೆ. ಲೊಜೆರ್ ಜಿಲ್ಲೆಯಲ್ಲಿ 1851ರಲ್ಲಿ 1.4 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಈಗ ಸುಮಾರು 77 ಸಾವಿರ. ಐದು ಸಾವಿರ ಚದರ ಕಿ.ಮೀ.ಗೂ ಹೆಚ್ಚಿನ ನೆಲದಲ್ಲಿ ಅಷ್ಟೇ ಜನ. ಸೆವೆನ್ ಮತ್ತು ಆರ್ದೆಶ್ ಬದುಕು ನಿಂತಿದ್ದು ರೇಷ್ಮೆ ಮತ್ತು ಚೆಸ್ಟ್‌ನಟ್ ಮೇಲೆ. ಹತ್ತೊಂಬತ್ತನೇ ಶತಮಾನದ ನಡುವೆ ರೇಷ್ಮೆಹುಳುವಿಗೆ ರೋಗ ಬಂತು, ಆಮೇಲೆ ಮರಗಳಿಗೂ ಬಂತು. ಜನ ಗಣಿಗಳಿಗೆ, ಪಟ್ಟಣಗಳಿಗೆ ಇಳಿದುಹೋದರು. ಊರು ಖಾಲಿಯಾಯ್ತು, ರಸ್ತೆ ಉಳೀತು, ಜಿಲ್ಲೆ ಅದಕ್ಕೆ ಈಗಲೂ ಡಾಂಬರು ಹಾಕ್ತಿದೆ. ರಾಮನಗರ, ಶಿಡ್ಲಘಟ್ಟದ ರೇಷ್ಮೆ ಗೊತ್ತಿರೋ ನಮಗೆ, ಹುಳುವಿನ ರೋಗ ಒಂದು ಸೀಮೆಯ ಗತಿಯನ್ನೇ ಬದಲಿಸಬಹುದು ಅನ್ನೋದು ಬೇಗ ಅರ್ಥ ಆಗಬೇಕು. ಗುಡ್ಡದ ಮೈಗೆ ಕಟ್ಟಿದ ಕಲ್ಲಿನ ಮೆಟ್ಟಿಲುಗದ್ದೆಗಳು ಕಾಡು ಸೇರಿರೋದನ್ನ ರಸ್ತೆಯಿಂದಲೇ ನೋಡಬಹುದು. ಅದಕ್ಕೇ ಊರಲ್ಲಿ ಒಂದು ಅಂಗಡಿ ತೆರೆದಿದ್ದರೆ ನಿಲ್ಲಿಸಿ, ಕಾಫಿ ಕುಡಿಯಿರಿ, ಏನಾದರೂ ಕೊಂಡುಕೊಳ್ಳಿ. ಜೇಬಲ್ಲಿ ಪ್ಲಾಸ್ಟಿಕ್ ಜೆಲ್ ತುಂಬಿಕೊಂಡು ಇಂಥ ಊರುಗಳನ್ನ ನಿಲ್ಲದೇ ದಾಟೋದು ನನಗೆ ಸರಿ ಕಾಣಲ್ಲ.

ಇನ್ನೊಂದು ಮಾತು. ನೀವು ಇವತ್ತು ಬೆರಳಲ್ಲಿ ಗೇರ್ ಬದಲಿಸ್ತೀರಲ್ಲ, ಅದರ ಬೇರೂ ಈ ಸೀಮೆಯ ಉತ್ತರದ ಅಂಚಿನಲ್ಲಿದೆ. ಸೇಂತೆತಿಯೆನ್ ಊರಿನ ಪೌಲ್ ದ ವಿವಿ, ವೆಲೋಸಿಯೋ ಅಂತಲೇ ಹೆಸರಾದವರು, 1853ರಿಂದ 1930ರ ತನಕ ಬದುಕಿದ್ದವರು. ಅವರೂ ರೇಷ್ಮೆ ವ್ಯಾಪಾರ ಬಿಟ್ಟು ಸೈಕಲ್ಲಿಗೆ ಬಂದವರೇ. ಊರ ಪಕ್ಕದಲ್ಲೇ 1,161 ಮೀಟರಿನ ಕೋಲ್ ದ ಲಾ ರೆಪ್ಯುಬ್ಲಿಕ್ ಘಾಟಿ. ಅದನ್ನ ಮತ್ತೆ ಮತ್ತೆ ಹತ್ತಿ, ಒಂದೇ ಗೇರು ಮನುಷ್ಯನಿಗೆ ಸಾಲದು ಅಂತ ಜೀವನವಿಡೀ ವಾದಿಸಿದರು, ಬರೆದರು, ಪ್ರಯೋಗ ಮಾಡಿದರು. ಟೂರ್ ದ ಫ್ರಾನ್ಸ್ ಹುಟ್ಟುಹಾಕಿದ ಆಂರಿ ದೆಗ್ರಾಂಜ್ ಒಪ್ಪಲಿಲ್ಲ. ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಡಿರೇಲರ್‌ಗೆ ಟೂರ್ ಅನುಮತಿ ಕೊಟ್ಟಿದ್ದು 1937ರಲ್ಲಿ, ವೆಲೋಸಿಯೋ ತೀರಿಹೋದ ಮೇಲೆ. ಹಸಿವಾಗೋ ಮುಂಚೆ ತಿನ್ನಿ, ಬಾಯಾರೋ ಮುಂಚೆ ಕುಡಿಯಿರಿ, ಜಂಭಕ್ಕಾಗಿ ತುಳಿಯಬೇಡಿ ಅನ್ನೋದು ಅವರ ಬೋಧನೆ. ಸಸ್ಯಾಹಾರಿಯಾಗಿದ್ದರು ಕೂಡ. ರೇಸ್ ಗೆದ್ದವರ ಹೆಸರೆಲ್ಲ ನಮಗೆ ಬಾಯಿಪಾಠ, ಇವರ ಹೆಸರು ಗೊತ್ತಿಲ್ಲ ಅನ್ನೋದು ನನಗೆ ಬೇಸರ.

ಈಗ ಪಿಬಿಪಿಗೆ ತಯಾರಿ ನಡೆಸೋರಿಗೆ. ಪಿಬಿಪಿ ಅಂದರೆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಅನ್ನೋ ದೂರದ ಸೈಕಲ್ ಸವಾರಿ, ಸುಮಾರು 1,200 ಕಿ.ಮೀ., 90 ಗಂಟೆಯ ಗಡುವು, ನಾಲ್ಕು ವರ್ಷಕ್ಕೊಮ್ಮೆ. 2019ರಲ್ಲೂ 2023ರಲ್ಲೂ ಭಾರತದಿಂದ ನೂರಾರು ಮಂದಿ ಹೋದರು, ಬೆಂಗಳೂರಿನವರೂ ಇದ್ದರು. ಮುಂದಿನದು 2027ರಲ್ಲಿ. ಆ ದಾರಿ ಬೇರೆ ಸೀಮೆ, ನಾರ್ಮಂಡಿ ಮತ್ತು ಬ್ರಿಟನಿ. ಅಲ್ಲಿ ಬೆಟ್ಟ ಅನ್ನೋ ಬೆಟ್ಟವೇ ಇಲ್ಲ, ರಸ್ತೆ ಎಲ್ಲೂ 400 ಮೀಟರ್ ಎತ್ತರ ಮುಟ್ಟಲ್ಲ. ಆದರೂ ಒಟ್ಟು ಏರು ಸುಮಾರು 12,000 ಮೀಟರ್. ಅಷ್ಟೂ ಏರು ಸಣ್ಣ ಸಣ್ಣ ದಿಣ್ಣೆಗಳಲ್ಲಿ ಹಂಚಿಹೋಗಿದೆ. ಹತ್ತಿದೆ ಅನ್ನೋ ಅಷ್ಟರಲ್ಲಿ ಇಳಿತ, ಸುಧಾರಿಸಿಕೊಳ್ಳೋ ಅಷ್ಟರಲ್ಲಿ ಮತ್ತೆ ಏರು, ಹಗಲೂ ರಾತ್ರಿ. ನಂದಿಬೆಟ್ಟ ಹತ್ತಿ ಇಳಿಯೋದು ಒಳ್ಳೆ ವ್ಯಾಯಾಮ, ಆದರೆ ಒಂದೇ ಲಯದ ಒಂದು ಉದ್ದ ಏರು ಇದಕ್ಕೆ ತಯಾರಿ ಆಗಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಏರಿಳಿತದ ರಸ್ತೆಗಳಲ್ಲಿ ಇಡೀ ದಿನ ತುಳೀರಿ. ಆಗ ಬ್ರಿಟನಿ ಏನು ಕೇಳುತ್ತೆ ಅನ್ನೋದು ಮಂಡಿಗೆ ಮೊದಲೇ ಗೊತ್ತಾಗಿರುತ್ತೆ.

ಉಳಿದದ್ದು ಬೇಗ ಹೇಳಿ ಮುಗಿಸ್ತೀನಿ. ಡಿ ರಸ್ತೆಗಳ ಡಾಂಬರು ಒರಟು, ಬೇಸಿಗೆಯಲ್ಲಿ ರಿಪೇರಿ ಮಾಡಿದ ಕಡೆ ಬಿಡಿ ಜಲ್ಲಿ ಇರುತ್ತೆ. 28 ಅಥವಾ 32 ಮಿ.ಮೀ. ಟೈರ್ ಹಾಕಿ. ಹಿಂದಿನ ಚಕ್ರದ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗುಂಪಿನಲ್ಲಿ, ದೊಡ್ಡದಕ್ಕೆ 34 ಹಲ್ಲಿರಲಿ, ಹಗುರ ಗೇರ್ ಅಂತ ನಾಚಿಕೆ ಬೇಡ. ಬಲಗಡೆ ಸವಾರಿ. ಊರ ಹೊರಗೆ ನಿಮ್ಮನ್ನ ಹಿಂದೆ ಹಾಕೋ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕು ಅನ್ನೋದು ಕಾನೂನು. ಹಳ್ಳಿಯೊಳಗೆ ಮಾತ್ರ ಬಲದ ಸಣ್ಣ ಗಲ್ಲಿಯಿಂದ ಬರೋ ವಾಹನಕ್ಕೇ ಎಷ್ಟೋ ಕಡೆ ಮೊದಲ ಹಕ್ಕು, ಹುಷಾರು. ಸೆವೆನ್ ಕಡೆಗೆ ಮೇ, ಜೂನ್ ಒಳ್ಳೇದು. ಜೂನಲ್ಲಿ ಕುರಿಮಂದೆಗಳು ಮೇಲಿನ ಹುಲ್ಲುಗಾವಲಿಗೆ ಹೋಗ್ತಾ ರಸ್ತೆ ತುಂಬಿಕೊಂಡಿದ್ದರೆ ಕಾಲೂರಿ ನಿಂತು ದಾರಿ ಬಿಡಿ. ಸೆಪ್ಟೆಂಬರ್ ಕೊನೆಯಿಂದ ಮೆಡಿಟರೇನಿಯನ್ ಕಡೆಯ ಬಿಸಿ ಗಾಳಿ ಈ ಬೆಟ್ಟಗಳಿಗೆ ಬಡಿದು ಭಾರೀ ಮಳೆ ಸುರಿಸುತ್ತೆ, ಹವಾಮಾನ ಎಚ್ಚರಿಕೆ ನೋಡದೇ ಹೊರಡಬೇಡಿ. ನೀರು ಬೇಕಾದರೆ ಊರ ನಲ್ಲಿ ಹುಡುಕಿ. ಓ ಪೋತಾಬ್ಲ್ ಅಂತ ಬರೆದಿದ್ದರೆ ಕುಡಿಯಬಹುದು, ಪೋತಾಬ್ಲ್ ಮುಂದೆ ನೋಂ ಅಂತ ಸೇರಿದ್ದರೆ ಕುಡಿಯಬೇಡಿ. ಊಟ ಹನ್ನೆರಡರಿಂದ ಎರಡರ ಒಳಗೆ ಮುಗಿಸಿ, ಆಮೇಲೆ ಅಡುಗೆಮನೆ ಮುಚ್ಚಿರುತ್ತೆ. ಸೋಮವಾರ ಎಷ್ಟೋ ಹಳ್ಳಿಗಳಲ್ಲಿ ಬ್ರೆಡ್ ಅಂಗಡಿಯೂ ತೆರೆಯಲ್ಲ, ಆ ದಿನದ್ದನ್ನ ಭಾನುವಾರ ಬೆಳಿಗ್ಗೆಯೇ ಕಟ್ಟಿಸಿಕೊಳ್ಳಿ.