ವೈದ್ಯರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ

ಶ್ರೋತೃಗಳಿಗೆ ನಮಸ್ಕಾರ.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಆದರೂ ಚಿಕಿತ್ಸಾ ಪ್ರಯೋಗಗಳ ಬಗ್ಗೆ, ಅಂದರೆ ಒಂದು ಮದ್ದೋ ಚಿಕಿತ್ಸೆಯೋ ಕೆಲಸ ಮಾಡುತ್ತದೆಯೇ ಎಂದು ಒಪ್ಪಿ ಬಂದವರಲ್ಲಿ ಪರೀಕ್ಷಿಸಿ ನೋಡುವ, ಆಸ್ಪತ್ರೆಯ ಮಂದಿ ‘ಕ್ಲಿನಿಕಲ್ ಟ್ರಯಲ್’ ಎಂದೋ ಬರಿದೇ ‘ಸ್ಟಡಿ’ ಎಂದೋ ಕರೆಯುವ ವಿಷಯದ ಬಗ್ಗೆ, ಮಾತನಾಡಲು ಕುಳಿತಿರುವುದಕ್ಕೆ ಒಂದು ಕಾರಣವಿದೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದರ ನೀತಿ ಸಮಿತಿಯಲ್ಲಿ, ಅಂದರೆ ಇಂಥ ಪ್ರಯೋಗದಲ್ಲಿ ರೋಗಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ‘ಎಥಿಕ್ಸ್ ಕಮಿಟಿ’ಯಲ್ಲಿ, ಕೆಲವು ವರ್ಷ ನಾನು ‘ಸಾಮಾನ್ಯ ವ್ಯಕ್ತಿ’ಯಾಗಿದ್ದೆ. ಇದು ವಿನಯಕ್ಕೆ ಹೇಳಿದ ಮಾತಲ್ಲ, ಆ ಸ್ಥಾನದ ಹೆಸರೇ ಹಾಗೆ. 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ ಇಂಥ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅವರಲ್ಲಿ ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು, ಅಧ್ಯಕ್ಷರಂತೂ ಹೊರಗಿನವರೇ ಆಗಿರಬೇಕು. ವೈದ್ಯರು, ಔಷಧಶಾಸ್ತ್ರಜ್ಞರು, ಕಾನೂನು ಬಲ್ಲವರು ಎಲ್ಲರೂ ಬಂದು ಕುಳಿತಿದ್ದರೂ ವೈದ್ಯವಿದ್ಯೆ ಅರಿಯದ ನನ್ನಂಥವನೊಬ್ಬ ಗೈರಾದರೆ ಸಭೆಗೆ ಕೋರಂ ಇಲ್ಲ.

ಸಮಿತಿಯಲ್ಲಿ ನನ್ನ ಪಾಲಿಗೆ ಬಂದ ಕೆಲಸವೆಂದರೆ, ಪ್ರಯೋಗಕ್ಕೆ ಸೇರುವ ಮುಂಚೆ ರೋಗಿ ಓದಿ ಸಹಿ ಹಾಕಬೇಕಾದ ಕನ್ನಡದ ಒಪ್ಪಿಗೆ ಪತ್ರಗಳನ್ನು ಓದುವುದು. ಇಂಗ್ಲಿಷಿನಿಂದ ಹೊರಟು ಬಂದ ಆ ಪತ್ರಗಳ ಕನ್ನಡ ಎಂಥದೆಂದರೆ, ‘ತಮ್ಮನ್ನು ಯಾದೃಚ್ಛೀಕರಿಸಲಾಗುವುದು’ ಎಂಬ ವಾಕ್ಯವನ್ನು ಮೊದಲ ಸಲ ಕಂಡಾಗ, ರೋಗಿಗೆ ಏನೋ ಶಸ್ತ್ರಕ್ರಿಯೆ ಮಾಡುತ್ತಾರೆಂದು ನಾನೇ ತಿಳಿದುಕೊಂಡಿದ್ದೆ. ಅದರ ಅರ್ಥ ಇಷ್ಟೆ: ನಿಮಗೆ ಯಾವ ಮದ್ದು ಎಂಬುದನ್ನು ವೈದ್ಯರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರು ನಿಮ್ಮನ್ನು ಈ ಗುಂಪಿಗೋ ಆ ಗುಂಪಿಗೋ ಹಾಕುತ್ತದೆ. ಹೀಗೆ ತಿದ್ದಿ ಬರೆದರೆ, ‘ಇಷ್ಟು ಬಿಡಿಸಿ ಹೇಳಿದರೆ ಜನ ಬರುವುದಿಲ್ಲ ಸರ್’ ಎಂದು ಯುವ ಸಂಶೋಧಕರೊಬ್ಬರು ಅಳುಕಿದ್ದರು. ಅವರ ಅಳುಕಿನಲ್ಲಿ ಹುರುಳಿತ್ತು. ನನ್ನ ಕಾಯಿಲೆಯ ಮದ್ದನ್ನು ಚೀಟಿ ಎತ್ತಿ ಗೊತ್ತುಮಾಡುವುದೆಂದರೆ ಯಾರಿಗೆ ತಾನೇ ಕಸಿವಿಸಿಯಾಗದು?

ಆದರೆ ಇಡೀ ವಿಷಯದ ತಿರುಳು ಇರುವುದು ಅಲ್ಲಿಯೇ. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ವೈದ್ಯರಿಗೆ ಗೊತ್ತಿದ್ದರೆ ಚೀಟಿ ಎತ್ತುವುದು ಅಪರಾಧ; ನಿಜವಾಗಿಯೂ ಗೊತ್ತಿಲ್ಲದಿದ್ದರೆ ಚೀಟಿ ಎತ್ತುವುದೇ ಪ್ರಾಮಾಣಿಕವಾದ ದಾರಿ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯರೋಗ ಚಿಕಿತ್ಸಾ ಕೇಂದ್ರ ಮಾಡಿದ್ದು ಇದನ್ನೇ. ಕ್ಷಯ ಬಂದವರನ್ನು ಸ್ಯಾನಿಟೋರಿಯಮ್ಮಿನಲ್ಲಿ ಮಲಗಿಸಿ, ಪುಷ್ಟಿಕರವಾದ ಊಟ ಕೊಟ್ಟು, ಒಳ್ಳೆಯ ಗಾಳಿಯಲ್ಲಿ ಇರಿಸಬೇಕೆಂದು ಎಲ್ಲರೂ ನಂಬಿದ್ದ ಕಾಲ ಅದು. ಆ ಕೇಂದ್ರದವರು ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಮ್ಮಿಗೂ ಕೆಲವರನ್ನು ಅವರವರ ಇಕ್ಕಟ್ಟಾದ ಮನೆಗಳಿಗೂ ಚೀಟಿಯ ಕ್ರಮದಲ್ಲೇ ಹಂಚಿ, ಇಬ್ಬರಿಗೂ ಒಂದೇ ಮಾತ್ರೆಗಳನ್ನು ಒಂದು ವರ್ಷ ಕೊಟ್ಟು ನೋಡಿದರು. ಮನೆಯಲ್ಲಿದ್ದವರ ಊಟ ಕಡಿಮೆ, ದುಡಿಮೆ ಹೆಚ್ಚು. ಆದರೂ ಗುಣವಾಗುವುದರಲ್ಲಿ ಅವರು ಹೆಚ್ಚೇನೂ ಹಿಂದೆ ಬೀಳಲಿಲ್ಲ, ಮನೆಮಂದಿಗೆ ಸೋಂಕು ತಗಲುವುದೂ ಹೆಚ್ಚಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಲೋಕದ ಕ್ಷಯ ಚಿಕಿತ್ಸೆಯನ್ನೇ ಬದಲಿಸಿತು. ಇಂದು ನಮ್ಮ ಹಳ್ಳಿಯ ಕ್ಷಯರೋಗಿ ಮನೆಯಲ್ಲಿದ್ದುಕೊಂಡೇ ಮಾತ್ರೆ ನುಂಗಿ ಗುಣವಾಗುತ್ತಿದ್ದರೆ, ಅಂದು ಚೀಟಿ ಎತ್ತಲು ಒಪ್ಪಿದ ಆ ಬಡವರ ಋಣ ಅದರಲ್ಲಿದೆ.

ಬೋಧನಾ ಆಸ್ಪತ್ರೆಗಳು, ಅಂದರೆ ಚಿಕಿತ್ಸೆಯ ಜೊತೆಗೆ ವೈದ್ಯವಿದ್ಯೆಯನ್ನೂ ಕಲಿಸುವ ಆಸ್ಪತ್ರೆಗಳು, ನಡೆಸುವ ಪ್ರಯೋಗಗಳನ್ನು ನಾನು ಬೇರೆಯಾಗಿಯೇ ಎತ್ತಿ ಹೇಳುವುದು ಇದಕ್ಕಾಗಿ. ಔಷಧ ಕಂಪನಿ ತನ್ನ ಹೊಸ ಮದ್ದು ಕೆಲಸ ಮಾಡುತ್ತದೆಯೇ ಎಂದು ಕೇಳುತ್ತದೆ, ಅದು ತಪ್ಪೂ ಅಲ್ಲ. ಆದರೆ ದುಬಾರಿ ಮದ್ದನ್ನು ಕಡಿಮೆ ಕೊಟ್ಟರೆ ಸಾಕಾಗುವುದಿಲ್ಲವೇ ಎಂದು ಯಾವ ಕಂಪನಿ ಕೇಳೀತು? ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಕೇಳಿದರು. ಬಾಯಿ, ಗಂಟಲುಗಳ ಮುಂದುವರಿದ ಕ್ಯಾನ್ಸರಿಗೆ ಕೊಡುವ ನಿವೊಲುಮ್ಯಾಬ್ ಎಂಬ ಇಂಜೆಕ್ಷನ್ನಿನ ಬೆಲೆ ನಮ್ಮಲ್ಲಿ ಬಹುಪಾಲು ರೋಗಿಗಳ ಕೈಗೆ ಎಟುಕುವಂಥದಲ್ಲ. ರೂಢಿಯ ಪ್ರಮಾಣದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆಯಾದ 20 ಮಿಲಿಗ್ರಾಂ ಅನ್ನು ಮೂರು ವಾರಕ್ಕೊಮ್ಮೆ, ಅಗ್ಗದ ಮಾತ್ರೆಗಳ ಜೊತೆ, 151 ರೋಗಿಗಳ ಪ್ರಯೋಗದಲ್ಲಿ ಒಂದು ಗುಂಪಿಗೆ ಕೊಟ್ಟರು. ಇನ್ನೊಂದು ಗುಂಪಿಗೆ ಬರಿಯ ಮಾತ್ರೆ. ಒಂದು ವರ್ಷದ ಕೊನೆಗೆ ಬದುಕುಳಿದವರು ಬರಿಯ ಮಾತ್ರೆಯ ಗುಂಪಿನಲ್ಲಿ ಶೇಕಡ 16ರಷ್ಟು, ಇಂಜೆಕ್ಷನ್ ಸೇರಿದ ಗುಂಪಿನಲ್ಲಿ ಶೇಕಡ 43ರಷ್ಟು. ಈ ಫಲಿತಾಂಶ ಹೊರಬಂದದ್ದು 2022ರಲ್ಲಿ.

ನಮ್ಮ ಬೆಂಗಳೂರಿಗೂ ಇಂಥದೊಂದು ಪಾಲಿದೆ. ರಕ್ತದೊತ್ತಡ, ಕೊಬ್ಬು, ರಕ್ತ ಹೆಪ್ಪುಗಟ್ಟುವಿಕೆ ಇವಕ್ಕೆಲ್ಲ ಸೇರಿಸಿ ಒಂದೇ ಮಾತ್ರೆ ಸಾಕೇ ಎಂದು ದೇಶದ 50 ಕೇಂದ್ರಗಳಲ್ಲಿ 2,053 ಮಂದಿಯಲ್ಲಿ ನೋಡಿದ ಪಾಲಿಕ್ಯಾಪ್ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದನ್ನು ಸಂಯೋಜಿಸಿದ್ದು ಇಲ್ಲಿಯ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು. ಅದರ ಹಿಂದೆ ಇದ್ದ ಕೆನಡಾದ ಹೃದ್ರೋಗ ತಜ್ಞ ಸಲೀಂ ಯೂಸುಫ್ ಕೂಡ ಅದೇ ಕಾಲೇಜಿನಲ್ಲಿ ಓದಿದವರು.

ಹಾಗಾದರೆ ಈಗ ಎಲ್ಲಿ ಯಾವ ಪ್ರಯೋಗ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ನಮ್ಮಲ್ಲಿ ರೋಗಿ ಪ್ರಯೋಗವನ್ನು ಹುಡುಕುವುದು ಅಪರೂಪ. ಪ್ರಯೋಗವೇ ರೋಗಿಯನ್ನು ಹುಡುಕಿಕೊಂಡು ವಾರ್ಡಿಗೆ ಬರುತ್ತದೆ. ಇದು ಬದಲಾಗಬೇಕೆಂಬುದು ನನ್ನ ಆಸೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2007ರ ಜುಲೈನಲ್ಲಿ ಸಿಟಿಆರ್‌ಐ ಎಂಬ, ದೇಶದ ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ರಾಷ್ಟ್ರೀಯ ನೋಂದಣಿ ಆರಂಭವಾಯಿತು. 2009ರ ಜೂನ್ 15ರಿಂದ ಔಷಧ ನಿಯಂತ್ರಕರು ನೋಂದಣಿಯನ್ನು ಕಡ್ಡಾಯ ಮಾಡಿದರು. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ನೋಂದಾಯಿಸಿಕೊಳ್ಳಬೇಕು. ಸಿಟಿಆರ್‌ಐ ಡಾಟ್ ಎನ್‌ಐಸಿ ಡಾಟ್ ಇನ್ ಎಂಬ ಅದರ ತಾಣದಲ್ಲಿ ರೋಗದ ಹೆಸರು ಕೊಟ್ಟು ಯಾರು ಬೇಕಾದರೂ ಹುಡುಕಬಹುದು, ಕಾಸು ಕೊಡಬೇಕಿಲ್ಲ. ಅಲ್ಲಿರುವುದೆಲ್ಲ ಇಂಗ್ಲಿಷಿನಲ್ಲಿ ಎಂಬುದು ನಮ್ಮ ಕಷ್ಟ. ಕಾಲೇಜಿಗೆ ಹೋಗುವ ಮಗನನ್ನೋ ಸೊಸೆಯನ್ನೋ ಪಕ್ಕಕ್ಕೆ ಕೂರಿಸಿಕೊಳ್ಳಿ. ಒಂದೊಂದು ನಮೂದಿನಲ್ಲೂ ಪ್ರಯೋಗ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಹಣ ಯಾರದು, ಎಷ್ಟು ಮಂದಿ ಬೇಕು, ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ, ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಇರುತ್ತದೆ. ಮೊದಲು ನೋಡಬೇಕಾದದ್ದು ಭಾರತದಲ್ಲಿ ಸೇರ್ಪಡೆ ಇನ್ನೂ ತೆರೆದಿದೆಯೇ ಎಂಬ ಸಾಲು. ಮುಗಿದುಹೋದ ಪ್ರಯೋಗಗಳೂ ಅಲ್ಲಿಯೇ ಇರುವುದರಿಂದ ಎಷ್ಟೋ ಜನ ಆಸೆಪಟ್ಟು ಓಡಾಡಿ ಬರಿಗೈಲಿ ಮರಳುತ್ತಾರೆ. ಆ ನಮೂದಿನ ಹಾಳೆಯನ್ನು ಅಚ್ಚುಹಾಕಿಸಿ ನಿಮ್ಮ ವೈದ್ಯರ ಮುಂದಿಡಿ. ಮೂತ್ರಪಿಂಡದ ಪರೀಕ್ಷೆಯ ಅಂಕಿಯೊಂದು ಹೆಚ್ಚುಕಡಿಮೆಯಾಗಿ ‘ನೀವು ಬರುವುದಿಲ್ಲ’ ಎಂದರೆ ಬೇಸರ ಬೇಡ, ಆ ಗೆರೆಗಳನ್ನು ಎಳೆದಿರುವುದು ಹೆಚ್ಚಾಗಿ ನಿಮ್ಮ ರಕ್ಷಣೆಗೇ.

ಇನ್ನು ಸೇರಬೇಕೇ ಬೇಡವೇ ಎಂಬ ವಿಚಾರ. ಭಯದಿಂದ ಹಿಂದೆ ಸರಿಯುವವರಿಗಿಂತ, ‘ನಮ್ಮ ಡಾಕ್ಟ್ರೇ ಹೇಳಿದ ಮೇಲೆ ಇನ್ನೇನು, ಎಲ್ಲಿ ಹೆಬ್ಬೆಟ್ಟು ಒತ್ತಬೇಕು ತೋರಿಸಿ’ ಎನ್ನುವವರ ಬಗ್ಗೆ ನನಗೆ ಹೆಚ್ಚು ಚಿಂತೆ. ಬೋಧನಾ ಆಸ್ಪತ್ರೆಯಲ್ಲಿ ನಿಮಗೆ ಮದ್ದು ಕೊಡುವ ಪ್ರೊಫೆಸರೇ ಪ್ರಯೋಗವನ್ನೂ ನಡೆಸುತ್ತಿರಬಹುದು. ಆಗ ಅವರು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುತ್ತಾರೆ, ನಿಮಗೆ ಕಾಣುವುದು ಒಂದೇ. ಹಾಗಾಗಿ ನೇರವಾಗಿ ಕೇಳಿ: ನಾನು ಒಪ್ಪದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ? ಇದಕ್ಕೆ ಉತ್ತರ ತಡವರಿಸಿದರೆ ಸಹಿ ಹಾಕಬೇಡಿ. ಇದು ಎಷ್ಟನೆಯ ಹಂತದ ಪ್ರಯೋಗ ಎಂದೂ ಕೇಳಿ. ಮೊದಲ ಹಂತದಲ್ಲಿ ಮುಖ್ಯವಾಗಿ ನೋಡುವುದು ಮದ್ದು ಎಷ್ಟರಮಟ್ಟಿಗೆ ಸುರಕ್ಷಿತ ಎಂಬುದನ್ನು, ಅಲ್ಲಿ ನಿಮ್ಮ ರೋಗ ವಾಸಿಯಾಗುವ ಭರವಸೆಗೆ ಜಾಗ ಬಹಳ ಕಡಿಮೆ. ಹುಸಿಮದ್ದು, ಅಂದರೆ ನೋಡಲು ಮದ್ದಿನಂತೆಯೇ ಇದ್ದು ಒಳಗೆ ಮದ್ದಿಲ್ಲದ್ದು, ಇದೆಯೇ, ಇದ್ದರೆ ಅದರಿಂದ ಗುಣ ಇಲ್ಲವೆಂದು ಪತ್ರದಲ್ಲಿ ಬರೆದಿದೆಯೇ ನೋಡಿ, ಬರೆದಿರಲೇಬೇಕು. ಪರೀಕ್ಷೆಗಳಿಗೆ, ಊರಿನಿಂದ ಬಂದು ಹೋಗುವ ಬಸ್ಸಿಗೆ ಹಣ ಯಾರದೆಂದು ಕೇಳುವುದಕ್ಕೆ ಸಂಕೋಚ ಬೇಡ. ಒಂದು ದಿನದ ಕೂಲಿ ತಪ್ಪುವುದೂ ಖರ್ಚೇ. ಪ್ರಯೋಗ ಮುಗಿದ ಮೇಲೆ ಆ ಮದ್ದು ನಿಮಗೆ ಸಿಗುವುದೋ ಇಲ್ಲವೋ ಎಂಬುದನ್ನೂ ಸೇರುವ ಮೊದಲೇ ತಿಳಿದುಕೊಳ್ಳಬೇಕು.

ಒಪ್ಪಿಗೆ ಪತ್ರದಲ್ಲಿ ನಾಮಿನಿಯ ಹೆಸರು ಬರೆಯುವ ಒಂದು ಸಾಲು ಇರುತ್ತದೆ. ಅದನ್ನು ಕಂಡೊಡನೆ ಅನೇಕರು ‘ಸಾಯಿಸಲು ಕರೆದಿದ್ದಾರೆ’ ಎಂದು ಎದ್ದುಹೋಗಿರುವುದುಂಟು. ಆ ಸಾಲು ಇರುವುದು ಪ್ರಯೋಗದ ಕಾರಣದಿಂದಲೇ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಸೇರಬೇಕೆಂದು ಗೊತ್ತುಮಾಡಲು. ವಯಸ್ಸು, ರೋಗದ ತೀವ್ರತೆ ನೋಡಿ ಲೆಕ್ಕ ಹಾಕುವ ಆ ಪರಿಹಾರಕ್ಕೆ ನಿಯಮಗಳು ಇಟ್ಟಿರುವ ಮೂಲಮೊತ್ತ 8 ಲಕ್ಷ ರೂಪಾಯಿ. ಪ್ರಯೋಗದಲ್ಲಿರುವಾಗ ತೊಂದರೆಯಾದರೆ ಉಚಿತ ಚಿಕಿತ್ಸೆಯೂ ನಿಮ್ಮ ಹಕ್ಕು, ಗಂಭೀರ ತೊಂದರೆಯನ್ನು 24 ಗಂಟೆಯೊಳಗೆ ಮೇಲಕ್ಕೆ ವರದಿ ಮಾಡುವುದು ವೈದ್ಯರ ಕರ್ತವ್ಯ. ಈ ನಿಯಮಗಳು ತಾವಾಗಿ ಹುಟ್ಟಿದವಲ್ಲ. ಒಪ್ಪಿಗೆಯೇ ಸರಿಯಾಗಿ ಪಡೆಯದ ಪ್ರಯೋಗಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದವರಿಂದಾಗಿ 2013ರ ಹೊತ್ತಿಗೆ ಬಿಗಿಯಾದವು.

ಓದು ಬಾರದವರಿಗೆ ಪತ್ರವನ್ನು ಓದಿ ಹೇಳುವಾಗ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಇರಬೇಕು. ಕಡೆಗೆ ಬಂದು ಸಹಿ ಮಾಡಿ ಹೋಗುವವರು ಸಾಕ್ಷಿಯಲ್ಲ. ಮನೆಗೆ ಒಯ್ದು, ನಾಲ್ಕು ಜನರ ಎದುರು ಓದಿಸಿ, ಬೇಕಾದರೆ ಮಾರನೆಯ ವಾರ ಬಂದು ‘ಬೇಡ’ ಎನ್ನಬಹುದು. ಒಪ್ಪಿಕೊಂಡ ಮೇಲೂ ಯಾವ ದಿನವಾದರೂ, ಕಾರಣ ಹೇಳದೆಯೇ, ಹೊರಬರಬಹುದು. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮದು, ಅದನ್ನು ಕೇಳಿ ಪಡೆದುಕೊಂಡು ರೇಷನ್ ಕಾರ್ಡಿನ ಜೊತೆ ಇಡಿ. ಅದರಲ್ಲಿ, ಸಾಮಾನ್ಯವಾಗಿ ಕೊನೆಯ ಪುಟದಲ್ಲಿ, ನೀತಿ ಸಮಿತಿಯನ್ನು ಸಂಪರ್ಕಿಸುವ ದೂರವಾಣಿ ಸಂಖ್ಯೆ ಇರುತ್ತದೆ. ನಾನು ಸಮಿತಿಯಲ್ಲಿದ್ದಷ್ಟು ಕಾಲವೂ ಆ ಫೋನು ರೋಗಿಗಳಿಂದ ಗಂಟೆ ಬಾರಿಸಿದ್ದು ಬೆರಳೆಣಿಕೆಯಷ್ಟು ಸಲ. ಅವರಲ್ಲಿ ಒಬ್ಬಾಕೆ ಕೇಳಿದ್ದು, ‘ಯಾದೃಚ್ಛಿಕ ಅಂದರೆ ಏನ್ರೀ?’ ಎಂದು. ಮುಂದಿನ ಸಭೆಯಲ್ಲಿ ಆ ಪತ್ರವನ್ನು ಹಿಂದಕ್ಕೆ ಕಳಿಸಿ, ಹೊಸದಾಗಿ ಬರೆಸಿದೆವು.

ನಮಸ್ಕಾರ.